ಅಜ್ಜ ಸಾವು ಕೇಳುತ್ತಿದ್ದಾರೆ, ಕಾನೂನು ಯಾಕೆ ಕೊಡಬಾರದು? – ನನ್ನ ಉತ್ತರ

ನಿಮ್ಮ ಪ್ರಶ್ನೆ ಇಷ್ಟು: ಕಾರವಾರದಲ್ಲಿ ನಿಮ್ಮ ಅಜ್ಜ ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ದಿನಾ "ನನ್ನನ್ನು ಕಳಿಸಿಬಿಡಿ" ಅನ್ನುತ್ತಾರೆ. ನಾಯಿ ನರಳಿದರೆ ಸೂಜಿ ಕೊಡಿಸುವ ನಾವು ಮನುಷ್ಯನಿಗೆ ಯಾಕೆ ಕೊಡಿಸಬಾರದು? ದಯಾಮರಣದ ಕಾನೂನು ಬೇಡ ಅನ್ನುವವರಿಗೆ ಕರುಣೆ ಇಲ್ವಾ?

ಬೇಡ ಅನ್ನುವವರಲ್ಲಿ ನಾನೂ ಒಬ್ಬ. ಶಿರಸಿ ಹತ್ತಿರದ ಹಳ್ಳಿ, ಎರಡೆಕರೆ ಅಡಿಕೆ ತೋಟ. ಡಾಕ್ಟರೂ ಅಲ್ಲ, ವಕೀಲನೂ ಅಲ್ಲ. ದೇವರು ಕೊಟ್ಟ ಜೀವವನ್ನು ದೇವರೇ ಒಯ್ಯಬೇಕು ಅಂತ ಹೇಳಲು ಬಂದಿಲ್ಲ. ನನ್ನ ಕಾರಣ ಬೇರೆ, ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ.

ನಾಯಿಯ ಮಾತು ಮೊದಲು ಮುಗಿಸಿಬಿಡುತ್ತೇನೆ. ನಮ್ಮನೆ ನಾಯಿಗೂ ಸೂಜಿ ಕೊಡಿಸಿದ್ದೇವೆ. ಆದರೆ ಆವತ್ತು ನಿರ್ಧಾರ ಮಾಡಿದ್ದು ನಾನು. ರಾತ್ರಿಯಿಡೀ ಅದರ ಕೂಗು ಕೇಳಲಾರದೆ, ಗಾಯ ತೊಳೆದು ತೊಳೆದು ಸಾಕಾಗಿ ಡಾಕ್ಟರಿಗೆ ಫೋನ್ ಮಾಡಿದೆ. ನಾಯಿಯ ನೋವು ಎಷ್ಟು, ನನ್ನ ಬೇಸರ ಎಷ್ಟು ಅಂತ ಬಿಡಿಸಿ ಹೇಳು ಅಂದರೆ ಇವತ್ತಿಗೂ ಆಗುವುದಿಲ್ಲ. ಈ ಹೋಲಿಕೆ ನಿಮಗೆ ಎಲ್ಲಿ ಸಮಾಧಾನ ಕೊಡುತ್ತದೋ, ನನಗೆ ಅಲ್ಲೇ ಹೆದರಿಕೆ.

ಈಗ ಆಯಿಯ, ಅಂದರೆ ನನ್ನ ಅಮ್ಮನ ಕಥೆ.

2018ರ ಮಳೆಗಾಲ. ಆಯಿಗೆ 74. ನಾಲ್ಕು ವರ್ಷದ ಹಿಂದೆ ಆಪರೇಷನ್ ಮಾಡಿ ತೆಗೆದ ಸ್ತನದ ಕ್ಯಾನ್ಸರ್ ಬೆನ್ನೆಲುಬಿಗೆ ಬಂದಿತ್ತು. ದೊಡ್ಡ ಆಸ್ಪತ್ರೆ ಅಂದರೆ ನಮಗೆ ಹುಬ್ಬಳ್ಳಿ, 100 ಕಿಲೋಮೀಟರ್ ಆಸುಪಾಸು. ಅಲ್ಲಿ ರೇಡಿಯೇಷನ್ ಆಯಿತು. "ಇನ್ನು ಮಾಡುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಅಂದರು. ಒಂದು ನೋವಿನ ಮಾತ್ರೆ ಬರೆದುಕೊಟ್ಟರು. ಅದು ಆಯಿಯ ನೋವಿಗೆ ಏನೂ ಸಾಲಲಿಲ್ಲ. ಮಗ್ಗುಲು ಬದಲಿಸಲು ಇಬ್ಬರು ಬೇಕು. ಬದಲಿಸಿದರೆ ಕೂಗು, ಬದಲಿಸದಿದ್ದರೆ ಬೆನ್ನು ಹುಣ್ಣು. ಒಂದು ರಾತ್ರಿ ಎರಡು ಗಂಟೆಗೆ ನನ್ನ ಕೈ ಹಿಡಿದು ಹೇಳಿದಳು, "ಎಂಗೆ ಸಾಕಾಗೋತು ತಮಾ. ಎಂತಾರೂ ಕೊಟ್ಟು ಕಳ್ಸಿಬಿಡು."

ಆವತ್ತು ನೀವು ಬಂದು ಕೇಳಿದ್ದರೆ ನಾನೂ ದಯಾಮರಣ ಬೇಕು ಅಂತಲೇ ಹೇಳುತ್ತಿದ್ದೆ.

ಮಂಗಳೂರಿನಲ್ಲಿ ನರ್ಸ್ ಆಗಿರುವ ಅತ್ತೆ ಮಗಳು ಫೋನಿನಲ್ಲಿ ಬೈದಳು. "ಮಾರ್ಫಿನ್ ಕೊಟ್ಟಿಲ್ವಾ? ಇಷ್ಟು ದಿನ ಸುಮ್ನೆ ನೋಡ್ತಾ ಕೂತಿದ್ದೀರಾ?" ಮಾರ್ಫಿನ್ ಹೆಸರು ಕೇಳಿದ್ದೆ, ಸಾಯುವ ಹಿಂದಿನ ದಿನ ಕೊಡುವ ಔಷಧಿ ಅಂದುಕೊಂಡಿದ್ದೆ. ಆಯಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮಂಗಳೂರಿಗೆ ಹೊರಟೆವು. ದೇವಿಮನೆ ಘಟ್ಟದ ತಿರುವುಗಳಲ್ಲಿ ಅವಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಅಲ್ಲಿನ ಡಾಕ್ಟರು ನಾಲ್ಕು ಗಂಟೆಗೊಮ್ಮೆ ಕೊಡುವ ಸಣ್ಣ ಮಾತ್ರೆ ಕೊಟ್ಟರು. ಜೊತೆಗೆ ಹೊಟ್ಟೆ ಕಟ್ಟದ ಹಾಗೆ ಒಂದು ಔಷಧಿ. ಅದನ್ನು ಬಿಟ್ಟರೆ ಮಾರ್ಫಿನ್ ತೆಗೆದುಕೊಳ್ಳುವವರು ಮಲಬದ್ಧತೆಯಲ್ಲೇ ನರಳುತ್ತಾರೆ ಅಂತ ಎರಡು ಸಲ ಹೇಳಿ ಕಳಿಸಿದರು. ಮೂರನೇ ದಿನ ಆಯಿ ರಾತ್ರಿಯಿಡೀ ನಿದ್ದೆ ಮಾಡಿದಳು. ಐದನೇ ದಿನ ಅಪ್ಪೆಹುಳಿಗೆ ಉಪ್ಪು ಜಾಸ್ತಿ ಆಯಿತು ಅಂತ ನನ್ನ ಹೆಂಡತಿಗೆ ಬೈದಳು. ಬೈಸಿಕೊಂಡು ಯಾರೂ ಅಷ್ಟು ಖುಷಿಪಟ್ಟಿದ್ದನ್ನು ನಾನು ಕಂಡಿಲ್ಲ.

ವಿಚಿತ್ರ ನೋಡಿ. ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆದು ಹೊರದೇಶಕ್ಕೂ ಕೊಡುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಬೆಳೆಯುತ್ತಾರೆ. ಮಾರ್ಫಿನ್ ಬರುವುದು ಅದರಿಂದಲೇ. ಆದರೆ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಅದನ್ನು ಇಟ್ಟುಕೊಳ್ಳಲು ಆಸ್ಪತ್ರೆಗಳು ಹಲವು ಲೈಸೆನ್ಸ್‌ಗಳಿಗೆ ಅಲೆಯಬೇಕಾಯಿತು. ಎಷ್ಟೋ ಕಡೆ ತರಿಸುವುದನ್ನೇ ಬಿಟ್ಟರು. 2014ರಲ್ಲಿ ಕಾಯ್ದೆ ತಿದ್ದಿ, ಮಾನ್ಯತೆ ಪಡೆದ ಸಂಸ್ಥೆಗೆ ಒಂದೇ ಲೈಸೆನ್ಸ್ ಸಾಕು ಅಂತ ಮಾಡಿದರು. ನಾಲ್ಕು ವರ್ಷ ಕಳೆದರೂ ಅದು ನಮ್ಮನೆ ಬಾಗಿಲಿಗೆ ಬಂದಿರಲಿಲ್ಲ. ಪಕ್ಕದ ಕೇರಳ 2008ರಲ್ಲೇ ಪಾಲಿಯೇಟಿವ್ ಕೇರ್‌ಗೆ, ಅಂದರೆ ಗುಣವಾಗದ ರೋಗಿಯ ನೋವು ಇಳಿಸುವ ಆರೈಕೆಗೆ, ಒಂದು ನೀತಿ ಮಾಡಿ, ಊರೂರಲ್ಲಿ ನರ್ಸ್‌ಗಳು ಮನೆಗೇ ಹೋಗುವ ಏರ್ಪಾಡು ಕಟ್ಟಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ಇನ್ನೂ ಕೇಳುತ್ತಲೇ ಇದ್ದೇವೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿದ ವಿಡಿಯೋ ನೀವೂ ನೋಡಿರುತ್ತೀರಿ. ಬದುಕಲು ಘಟ್ಟ ಇಳಿದು ಜಿಲ್ಲೆ ದಾಟಬೇಕಾದ ಊರಿನಲ್ಲಿ ಸಾವು ಮಾತ್ರ ಹತ್ತಿರದ ಆಸ್ಪತ್ರೆಯಲ್ಲೇ ಸಿಗುವ ಹಾಗಾದರೆ ಜನ ಯಾವುದನ್ನು ಆರಿಸಿಕೊಂಡಾರು?

ಇಲ್ಲಿಗೇ ನಿಲ್ಲಿಸಿದರೆ ನನ್ನ ಉತ್ತರ ಸುಲಭ ಆಗುತ್ತಿತ್ತು. ನೋವು ಹೋಯಿತು, ಸಾಯುವ ಆಸೆ ಹೋಯಿತು, ಎಲ್ಲರೂ ಸುಖವಾಗಿದ್ದರು ಅಂತ. ಹಾಗಾಗಲಿಲ್ಲ.

ಒಂದು ತಿಂಗಳ ನಂತರ ಆಯಿ ಮತ್ತೆ ಕೇಳಿದಳು. ಈ ಸಲ ಅಳು ಇಲ್ಲ, ನೋವೂ ಇಲ್ಲ. ಹಿಂದಿನ ರಾತ್ರಿ ನಾನೂ ಅಣ್ಣನೂ ಜಗಲಿಯಲ್ಲಿ ಕೂತು ಲೆಕ್ಕ ಮಾಡಿದ್ದೆವು. ಸೊಸೈಟಿ ಸಾಲ ಎಷ್ಟಾಯಿತು, ಕೊಳೆರೋಗದಲ್ಲಿ ಫಸಲು ಎಷ್ಟು ಹೋಯಿತು, ಅಣ್ಣ ಬೆಂಗಳೂರಿಂದ ಇನ್ನೆಷ್ಟು ಸಲ ರಜೆ ಹಾಕಿ ಬರಬಹುದು ಅಂತ. ಬಾಗಿಲು ಅರ್ಧ ತೆರೆದಿತ್ತು. ಬೆಳಿಗ್ಗೆ ಮುಖ ಒರೆಸುವಾಗ ಆಯಿ ಕೇಳಿದಳು, "ಆನು ಬೇಗ ಹೋದ್ರೆ ನಿಂಗಕ್ಕೆ ಸಸಾರ ಆಗ್ತು, ಅಲ್ದ?" ನಾನು ಬೇಗ ಹೋದರೆ ನಿಮಗೆ ಹಗುರ ಆಗುತ್ತದೆ ಅಲ್ಲವಾ, ಅಂತ.

"ಸುಮ್ನಿರು ಆಯಿ" ಅಂದು ಕೊಟ್ಟಿಗೆ ಕಡೆ ಹೋದೆ. ಇಲ್ಲ ಅಂತ ಹೇಳಲಿಲ್ಲ. ಯಾಕೆಂದರೆ ಹೌದು ಅನ್ನುವುದು ಒಳಗೆ ಇತ್ತು. ಹಿಂದಿನ ರಾತ್ರಿ ಲೆಕ್ಕ ಮುಗಿಸಿ ಮಲಗಿದಾಗ, ದೀಪಾವಳಿಯೊಳಗೆ ಇದೊಂದು ಮುಗಿದರೆ ಅಡಿಕೆ ಕೊಯ್ಲಿಗೆ ಆಳು ಹುಡುಕಬಹುದಿತ್ತು ಅಂತ ಯೋಚಿಸಿದವನು ನಾನೇ. ಆಯಿಯನ್ನು ಪ್ರೀತಿಸುತ್ತಿದ್ದ ನಾನೇ, ಹನ್ನೊಂದು ವಾರ ಅವಳ ಬಟ್ಟೆ ಒಗೆದ ನಾನೇ.

ಆಗ ಕಾನೂನಿನ ದಾರಿ ಒಂದಿದ್ದಿದ್ದರೆ? ಒಂದು ಅರ್ಜಿ, ಇಬ್ಬರು ಡಾಕ್ಟರ ಸಹಿ, ಆಯಿಯ ಹೆಬ್ಬೆಟ್ಟು. ಕಾನೂನಿನ ಪ್ರಕಾರ ಎಲ್ಲವೂ ಸರಿ ಇರುತ್ತಿತ್ತು. ಬುದ್ಧಿ ಸ್ಥಿರವಾಗಿತ್ತು, ಅವಳಾಗೇ ಕೇಳಿದ್ದಳು, ಯಾರೂ ಒತ್ತಾಯ ಮಾಡಿರಲಿಲ್ಲ, ರೋಗ ಗುಣವಾಗುವಂಥದ್ದಲ್ಲ. ಯಾವ ಅಧಿಕಾರಿ ಬಂದು ವಿಚಾರಿಸಿದ್ದರೂ "ಎನ್ನ ಇಷ್ಟ" ಅಂತಲೇ ಹೇಳುತ್ತಿದ್ದಳು. ಜಗಲಿಯಲ್ಲಿ ನಡೆದ ಲೆಕ್ಕ ಯಾವ ಫಾರಂನ ಯಾವ ಕಾಲಮ್ಮಿನಲ್ಲೂ ಬರುತ್ತಿರಲಿಲ್ಲ. ಬೇರೆಯವರು ದುರುಪಯೋಗ ಮಾಡುತ್ತಾರೆ ಅನ್ನುವ ಭಯ ನನ್ನದಲ್ಲ. ಆ ಫಾರಂ ನಾನೇ ತಂದುಕೊಡುತ್ತಿದ್ದೆನೋ ಏನೋ ಅನ್ನುವ ಭಯ. ತಂದುಕೊಟ್ಟು, ಆಯಿಯ ಕೊನೆಯ ಆಸೆ ನಡೆಸಿಕೊಟ್ಟೆ ಅಂತ ಊರಿಗೆಲ್ಲ ಹೇಳಿಕೊಂಡು, ನಾನೂ ನಂಬಿಬಿಡುತ್ತಿದ್ದೆ.

ತಮಿಳುನಾಡಿನ ದಕ್ಷಿಣದ ಕೆಲವು ಹಳ್ಳಿಗಳಲ್ಲಿ ತಲೈಕೂತಲ್ ಅಂತ ಒಂದು ಪದ್ಧತಿಯಿತ್ತು, ಕದ್ದುಮುಚ್ಚಿ. ಹಾಸಿಗೆ ಹಿಡಿದ ಮುದುಕರಿಗೆ ಬೆಳಗಿನ ಜಾವ ಮೈತುಂಬ ಎಣ್ಣೆ ಹಚ್ಚಿ ತಣ್ಣೀರು ಸ್ನಾನ ಮಾಡಿಸುತ್ತಾರೆ, ಮೇಲಿಂದ ಮೇಲೆ ಎಳನೀರು ಕುಡಿಸುತ್ತಾರೆ. ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಎಣ್ಣೆ ಸ್ನಾನ, ಎಳನೀರು. ನಮ್ಮ ಕರಾವಳಿಯಲ್ಲೂ ಇದಕ್ಕಿಂತ ಪ್ರೀತಿಯ ಉಪಚಾರ ಬೇರೆ ಇದೆಯಾ? ಅದನ್ನು ಮಾಡಿದ ಮಕ್ಕಳೆಲ್ಲ ರಾಕ್ಷಸರು ಅಂತ ನನಗೆ ಅನಿಸುವುದಿಲ್ಲ. ಜಗಲಿಯಲ್ಲಿ ಲೆಕ್ಕ ಮಾಡಿದವರು, ಅಷ್ಟೇ.

ಈಗ ಕಾನೂನು ಎಲ್ಲಿದೆ ಅಂತ ಹೇಳಲೇಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ "ಕರ್ನಾಟಕದಲ್ಲಿ ಆಗಲೇ ದಯಾಮರಣ ಬಂದಿದೆಯಂತೆ" ಅಂತಲೂ ಇದೆ. 2025ರ ಜನವರಿಯಲ್ಲಿ ನಮ್ಮ ಸರ್ಕಾರ ಹೊರಡಿಸಿದ ಆದೇಶ ಬೇರೆ ವಿಷಯದ್ದು. ಇನ್ನು ಗುಣವಾಗುವ ದಾರಿಯಿಲ್ಲದ ರೋಗಿಗೆ ಬರೀ ಜೀವ ಎಳೆಯುವ ಚಿಕಿತ್ಸೆಯನ್ನು, ಉದಾಹರಣೆಗೆ ವೆಂಟಿಲೇಟರನ್ನು, ನಿಲ್ಲಿಸಬಹುದು ಅಂತ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತ್ತು. ಅಂಥ ಚಿಕಿತ್ಸೆ ನನಗೆ ಬೇಡ ಅಂತ ಮೊದಲೇ ಬರೆದಿಡಬಹುದು ಅಂತಲೂ ಹೇಳಿತ್ತು. 2023ರಲ್ಲಿ ಅದನ್ನು ಸಲೀಸು ಮಾಡಿ, ಆ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು ಅಂದಿತು. ಅದನ್ನು ಜಿಲ್ಲೆಗಳಲ್ಲಿ ಜಾರಿ ಮಾಡುವ ಆದೇಶ ಇದು. ಆ ಪತ್ರ ನಾನೂ ಬರೆದಿಟ್ಟಿದ್ದೇನೆ. ಸಾಯುತ್ತಿರುವವನನ್ನು ತಡೆದು ನಿಲ್ಲಿಸಬೇಡಿ ಅನ್ನುವುದಕ್ಕೆ ನನ್ನ ವಿರೋಧ ಇಲ್ಲವೇ ಇಲ್ಲ. ಸಾಯುವ ಸೂಜಿ ಕೊಡುವುದು, ಸಾಯುವ ಮಾತ್ರೆ ಬರೆದುಕೊಡುವುದು ಇವತ್ತಿಗೂ ದೇಶದಲ್ಲಿ ಅಪರಾಧ. ಆತ್ಮಹತ್ಯೆಗೆ ಕುಮ್ಮಕ್ಕು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 108ನೇ ಸೆಕ್ಷನ್ನಿನಲ್ಲಿ ಹತ್ತು ವರ್ಷದವರೆಗೆ ಜೈಲು. ಆ ಗೆರೆ ಅಲ್ಲೇ ಇರಲಿ ಅನ್ನುವುದಷ್ಟೇ ನನ್ನ ವಾದ.

ಈ ಕಾನೂನಿನ ಚರ್ಚೆ ದೊಡ್ಡದಾಗಿದ್ದೇ ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳಿಂದ. ಅರುಣಾ ಶಾನಭಾಗ, ಹಳದೀಪುರದವರು. ಕುಮಟಾದಿಂದ ಹೊನ್ನಾವರಕ್ಕೆ ಹೋಗುವಾಗ ಹೈವೇಯಲ್ಲಿ ಆ ಬೋರ್ಡ್ ಕಂಡಾಗಲೆಲ್ಲ ನೆನಪಾಗುತ್ತಾರೆ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ವಾರ್ಡ್ ಬಾಯ್ ಒಬ್ಬ ಹಲ್ಲೆ ಮಾಡಿದ. ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ನಿಲ್ಲಿಸಿ ಮುಕ್ತಿ ಕೊಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ಅವರದ್ದೂ ಕರುಣೆಯೇ, ಸಂಶಯವಿಲ್ಲ. ಬೇಡ ಅಂದವರು ಅಲ್ಲಿನ ನರ್ಸ್‌ಗಳು. ಅರುಣಾ ಜೊತೆ ಕೆಲಸ ಮಾಡಿದವರು ನಿವೃತ್ತರಾಗಿ, ಅವರನ್ನು ನಡೆದಾಡುವಾಗ ನೋಡಿಯೇ ಇಲ್ಲದ ಹುಡುಗಿಯರು ಕೆಲಸಕ್ಕೆ ಬಂದಿದ್ದರು. ಅವರೂ ಮಗ್ಗುಲು ಬದಲಿಸಿದರು, ಬಾಯಿಗೆ ತುತ್ತಿಟ್ಟರು. ಮೈಮೇಲೆ ಹುಣ್ಣಾಗಲು ಬಿಡಲಿಲ್ಲ. ಕೋರ್ಟ್ ಕಳಿಸಿದ ಡಾಕ್ಟರುಗಳ ವರದಿಯಲ್ಲಿ ಒಂದು ಮಾತಿದೆ: ಮೀನಿನ ಸೂಪು ಕೊಟ್ಟರೆ ಅವರ ಮುಖದಲ್ಲಿ ನಗು ಬರುತ್ತದೆ ಅಂತ ಸಿಬ್ಬಂದಿ ಹೇಳುತ್ತಾರೆ ಅಂತ. ಕರಾವಳಿಯ ಹುಡುಗಿ, ಮೀನು ಮರೆತಿರಲಿಲ್ಲ ಅಂತ ನಾನು ಅಂದುಕೊಂಡಿದ್ದೇನೆ. ಡಾಕ್ಟರುಗಳು ಅಷ್ಟು ದೂರ ಹೋಗಲಾರರು, ಬಿಡಿ. 2011ರ ಮಾರ್ಚ್ 7ರಂದು ಕೋರ್ಟ್ ಪಿಂಕಿಯವರ ಅರ್ಜಿ ತಳ್ಳಿಹಾಕಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ನೋಡಿಕೊಂಡ ಆ ಸಿಬ್ಬಂದಿಯದು ಅಂದಿತು.

ಆದರೆ ನಮ್ಮೂರಲ್ಲಿ ಅಂಥ ವಾರ್ಡ್ ಇಲ್ಲ. ಇರುವುದು ಹೆಂಡತಿ, ಸೊಸೆ, ಮಗಳು. ನೋಡಿಕೊಳ್ಳಿ ಅಂತ ಹೇಳುವವರು ಗಂಡಸರು, ಮೈ ತೊಳೆಯುವವರು ಹೆಂಗಸರು. ಇದನ್ನು ಒಪ್ಪಿಕೊಳ್ಳದೆ ದಯಾಮರಣ ಬೇಡ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ.

ಹೊರದೇಶಗಳಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ ಅಂದಿದ್ದೀರಿ. ಕೆನಡಾ ನೋಡಿ. 2016ರಲ್ಲಿ ಕಾನೂನು ತಂದಾಗ ಸಾವು ಹತ್ತಿರ ಇರುವವರಿಗೆ ಮಾತ್ರ ಅಂದರು. 2021ರಲ್ಲಿ ಆ ಷರತ್ತು ತೆಗೆದರು. 2023ರಲ್ಲಿ 15,343 ಜನ ಹೀಗೆ ಸತ್ತರು, ಆ ವರ್ಷದ ಒಟ್ಟು ಸಾವಿನಲ್ಲಿ ಶೇ. 4.7. ಬರೀ ಮಾನಸಿಕ ಕಾಯಿಲೆ ಇದ್ದವರಿಗೂ ಕೊಡುವ ತೀರ್ಮಾನವನ್ನು 2027ಕ್ಕೆ ಮುಂದೂಡಿದ್ದಾರೆ. ಮನೆಗೆ ವೀಲ್‌ಚೇರ್ ಲಿಫ್ಟ್ ಹಾಕಿಸಿಕೊಡಿ ಅಂತ ವರ್ಷಗಟ್ಟಲೆ ಕೇಳುತ್ತಿದ್ದ ಮಾಜಿ ಸೈನಿಕರೊಬ್ಬರು, ಬದಲಿಗೆ ಸಾಯುವ ಸಹಾಯ ಮಾಡುತ್ತೇವೆ ಅಂತ ಇಲಾಖೆಯವರು ಅಂದರು ಅಂತ 2022ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ಮುಂದೆ ಹೇಳಿದ್ದರು. ಅಮೆರಿಕದ ಒರೆಗಾನ್‌ನಲ್ಲಿ 1997ರಿಂದ ಇಂಥ ಕಾನೂನಿದೆ. ಅಲ್ಲಿ ಮಾತ್ರೆ ಕೇಳುವವರು ಹೇಳುವ ಕಾರಣಗಳಲ್ಲಿ ನೋವು ಮೊದಲನೆಯದಲ್ಲ. ನನ್ನ ಬದುಕು ನನ್ನ ಕೈಯಲ್ಲಿಲ್ಲ ಅನ್ನುವುದು ಮೊದಲು. ಮನೆಯವರಿಗೆ ಭಾರ ಆಗುತ್ತೇನೆ ಅನ್ನುವವರೂ ಬಹಳ. ನಮ್ಮ ಆಯಿಯ ಎರಡನೇ ಪ್ರಶ್ನೆ, ಇಂಗ್ಲಿಷಿನಲ್ಲಿ.

ನನ್ನ ಹತ್ತಿರ ಎಲ್ಲದಕ್ಕೂ ಉತ್ತರ ಇಲ್ಲ. ಮಾರ್ಫಿನ್ ಮುಟ್ಟದ ನೋವೂ ಇದೆ. ಅಂಥವರಿಗೆ ಕೊನೆಯ ದಿನಗಳಲ್ಲಿ ಎಚ್ಚರ ತಪ್ಪಿಸಿ ಮಲಗಿಸುವ ಔಷಧಿ ಕೊಡುತ್ತಾರೆ, ಅದು ಕಾನೂನಿನೊಳಗೇ ಇದೆ. ಆದರೆ ನರಗಳು ಒಂದೊಂದಾಗಿ ಸೋಲುತ್ತಿರುವ, ತಲೆ ಮಾತ್ರ ಸರಿಯಿರುವ ಒಬ್ಬ ಮನುಷ್ಯ, ಹಣದ ಚಿಂತೆಯೂ ಇಲ್ಲದವನು, "ನನಗೆ ಬೇಡ" ಅಂದರೆ ಅವನ ಎದುರು ಕೂತು ಇದೆಲ್ಲ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವನಿಗೆ ನನ್ನ ನಿಲುವು ಕ್ರೂರವೇ. ಅವನೊಬ್ಬನಿಗಾಗಿ ತೆರೆದ ಬಾಗಿಲು ಆಯಿಯ ಕೋಣೆಯಲ್ಲೂ ತೆರೆದಿರುತ್ತದೆ, ಅದಕ್ಕೇ ಬೇಡ ಅನ್ನುತ್ತೇನೆ.

ನಿಮ್ಮ ಅಜ್ಜನ ವಿಷಯ. ನೋವು ಎಲ್ಲಿ, ರಾತ್ರಿ ಜಾಸ್ತಿಯೋ ಹಗಲೋ, ಮಗ್ಗುಲು ತಿರುಗಿಸುವಾಗ ಮಾತ್ರವೋ ಅಂತ ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ. ಹತ್ತಕ್ಕೆ ಎಷ್ಟು ಅಂತ ಅವರನ್ನೇ ಕೇಳಿ. ಅದನ್ನು ತೆಗೆದುಕೊಂಡು ಹೋಗಿ, ಪಾಲಿಯೇಟಿವ್ ಡಾಕ್ಟರು ಎಲ್ಲಿದ್ದಾರೆ, ಮಾರ್ಫಿನ್ ಬೇಕಾಗುತ್ತದಾ, ಎಲ್ಲಿ ಸಿಗುತ್ತದೆ ಅಂತ ನೇರವಾಗಿ ವಿಚಾರಿಸಿ. ಗೊತ್ತಿಲ್ಲ ಅಂದರೆ ಇನ್ನೊಬ್ಬರನ್ನು ಕೇಳಿ. ಬೆನ್ನು ನೋಡಿ, ಕೆಂಪಾಗಿದ್ದರೆ ಇವತ್ತಿಂದಲೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕಳಿಸಿಬಿಡಿ ಅಂದ ದಿನ, ಅದರ ಹಿಂದಿನ ದಿನ ಮನೆಯಲ್ಲಿ ಏನು ಮಾತಾಯಿತು ಅಂತ ನೆನಪು ಮಾಡಿಕೊಳ್ಳಿ. ಮತ್ತೆ, ಸಾಲದ ಲೆಕ್ಕವನ್ನು ತೋಟಕ್ಕೋ ಸಮುದ್ರದ ದಂಡೆಗೋ ಹೋಗಿ ಮಾಡಿ. ನಾವು ಜಗಲಿಯಲ್ಲಿ ಮಾಡಿದೆವು.