ಕಾರ್ಪೇಥಿಯನ್ ಹಳ್ಳಿಗೆ ಹೋಗುವ ಮೊದಲು ಹಬ್ಬ ಯಾವತ್ತು ಅಂತ ಕೇಳಿಕೊಳ್ಳಿ

ನಿಮಗೆ ಪೋಲೆಂಡ್‌ನ ಕ್ರಾಕೋವ್‌ನಲ್ಲಿ ಕೆಲಸ. ಯುದ್ಧ ನಿಂತ ಮೇಲೆ ಒಂದು ಡಿಸೆಂಬರ್‌ನಲ್ಲಿ ಮೂರು ದಿನ ರಜೆ ಹಾಕಿ ಉಕ್ರೇನ್‌ನ ಕಾರ್ಪೇಥಿಯನ್ ಬೆಟ್ಟಸಾಲಿನ ಇವಾನೊ-ಫ್ರಾಂಕಿವ್ಸ್ಕ್ ಪ್ರಾಂತ್ಯಕ್ಕೆ ಹೋಗಬೇಕು. ಮ್ಯೂಸಿಯಂ, ಮರದ ಚರ್ಚು, ಬೆಟ್ಟ, ಜಲಪಾತ ಸೇರಿ ಹನ್ನೊಂದು ಜಾಗ ಪಟ್ಟಿ ಮಾಡಿದ್ದೀರಿ, ಅದರಲ್ಲಿ ಯಾವುದನ್ನು ಬಿಡಬಹುದು ಅಂತ ಪ್ರಶ್ನೆ. ಕೊನೆಯಲ್ಲಿ "25ಕ್ಕೆ ಅಲ್ಲಿದ್ದರೆ ಹಳ್ಳಿಯ ಕ್ರಿಸ್‌ಮಸ್ಸೂ ನೋಡಿದ ಹಾಗಾಗುತ್ತದೆ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ನಾನು ಪುತ್ತೂರಿನವನು. ಇವಾನೊ-ಫ್ರಾಂಕಿವ್ಸ್ಕ್‌ನಲ್ಲಿ ಮೆಡಿಕಲ್ ಓದಿದೆ. ನಮ್ಮ ಬ್ಯಾಚಿನ ಹಲವರ ಹಾಗೆ ನನ್ನ ವೀಸಾ ತಡವಾಗಿ, ಅಲ್ಲಿಗೆ ಹೋಗಿ ಸೇರಿದ್ದು 2017ರ ಫೆಬ್ರವರಿಯಲ್ಲಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಹಾಸ್ಟೆಲ್ ಬಿಟ್ಟು, ದಾವಣಗೆರೆಯ ಗೆಳೆಯನ ಜೊತೆ ಒಂದು ಬಾಡಿಗೆ ಮನೆ ಹಿಡಿದೆ. ಮನೆ ಒಬ್ಬ ಅಜ್ಜಿಯದು. ಅವರು ಇರುತ್ತಿದ್ದದ್ದು ಕೊಲೊಮಿಯಾ ಪಟ್ಟಣದ ಆಚೆ ಒಂದು ಹಳ್ಳಿಯಲ್ಲಿ, ತಿಂಗಳಿಗೊಮ್ಮೆ ಬಾಡಿಗೆಗೆ ಬರುವಾಗ ಒಂದು ಚೀಲ ಆಲೂಗಡ್ಡೆ, ಎರಡು ಜಾಡಿ ಉಪ್ಪು ಸೌತೆ ತಂದು ಅಡುಗೆಮನೆಯಲ್ಲಿ ಇಟ್ಟುಹೋಗುತ್ತಿದ್ದರು. ನಾವು ಅವರನ್ನು ಬಾಬುಸ್ಯಾ ಅಂತಲೇ ಕರೆಯುತ್ತಿದ್ದೆವು, ಅಲ್ಲಿಯ ಮಾತಿನಲ್ಲಿ ಅಜ್ಜಿ ಅಂತ. ಹಳ್ಳಿಯ ಹೆಸರು ಮಾತ್ರ ಬರೆಯುವುದಿಲ್ಲ, ಅವರ ಮನೆ ಗುರುತಾಗುವುದು ನನಗಿಷ್ಟವಿಲ್ಲ.

ಅಕ್ಟೋಬರ್‌ನಲ್ಲಿ ಬಂದವರು "ರಿಜ್ದ್ವೊಗೆ ನಮ್ಮ ಹಳ್ಳಿಗೆ ಬನ್ನಿ, ಇಬ್ಬರೂ" ಅಂದರು. ರಿಜ್ದ್ವೊ ಅಂದರೆ ಕ್ರಿಸ್‌ಮಸ್. ಖಂಡಿತ ಬರ್ತೇವೆ ಅಂದೆವು. ಯಾವತ್ತು ಅಂತ ಕೇಳಲಿಲ್ಲ.

ಡಿಸೆಂಬರ್ 25, ಸೋಮವಾರ. ನಗರದಲ್ಲಿ ಕೆನೆ ತುಂಬಿದ ದೊಡ್ಡ ಕೇಕ್ ಒಂದನ್ನು ಕೊಂಡು, ಕೊಲೊಮಿಯಾಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಮಾರ್ಷ್ರುತ್ಕಾ ಹಿಡಿದೆವು (ಅಲ್ಲಿಯ ಮಿನಿಬಸ್ಸು, ನಮ್ಮ ಸರ್ವಿಸ್ ವ್ಯಾನಿನ ಹಾಗೆ). ಇಳಿದರೆ ಹಳ್ಳಿಯಲ್ಲಿ ಹಬ್ಬದ ಸುಳಿವೇ ಇಲ್ಲ. ಚರ್ಚಿಗೆ ಬೀಗ. ಒಬ್ಬರು ಅಂಗಳದಲ್ಲಿ ಸೌದೆ ಸೀಳುತ್ತಿದ್ದರು. ಅಜ್ಜಿ ಮಣ್ಣು ಕೈಯಲ್ಲೇ ಬಾಗಿಲಿಗೆ ಬಂದವರು ನಮ್ಮನ್ನು ನೋಡಿ ಗಾಬರಿಯಾಗಿ "ಏನಾಯ್ತು? ಯಾರಿಗಾದರೂ ಹುಷಾರಿಲ್ಲವಾ?" ಅಂತ ಕೇಳಿದರು. ನಾನು ಕೇಕಿನ ಡಬ್ಬಿ ಮುಂದೆ ಮಾಡಿ "ರಿಜ್ದ್ವೊ" ಅಂದೆ. ಅವರಿಗೆ ಅರ್ಥವಾಯಿತು. ನಗಲಿಲ್ಲ. ಕೈ ಒರೆಸಿಕೊಂಡು, ಬೆರಳು ಮಡಚುತ್ತ ಲೆಕ್ಕ ಹಾಕಿ ತೋರಿಸಿದರು: ಇನ್ನೂ ಹದಿಮೂರು ದಿನ.

ಅವರ ಕ್ರಿಸ್‌ಮಸ್ ಜನವರಿ 7ಕ್ಕೆ. ಜೂಲಿಯಸ್ ಸೀಸರನ ಕಾಲದ ಹಳೆಯ ಪಂಚಾಂಗ 1582ರಲ್ಲಿ ಬಂದ ಹೊಸ ಪಂಚಾಂಗಕ್ಕಿಂತ ಈಗ 13 ದಿನ ಹಿಂದಿದೆ, ಅಲ್ಲಿನ ಚರ್ಚುಗಳು ಆಗ ಹಳೆಯದನ್ನೇ ನಡೆಸುತ್ತಿದ್ದವು. ನಾನು ಹೋದ ದಿನ ಅಲ್ಲಿ ಹಬ್ಬಕ್ಕೆ ಮುಂಚಿನ 40 ದಿನದ ವ್ರತ ನಡೆಯುತ್ತಿತ್ತು. ಅಜ್ಜಿ ಅದನ್ನು ಕಟ್ಟುನಿಟ್ಟಾಗಿ ಹಿಡಿದವರು, ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅಂಥವರ ಕೈಗೆ ನಾನು ಬೆಣ್ಣೆ-ಮೊಟ್ಟೆಯ ಕೇಕ್ ಕೊಟ್ಟಿದ್ದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನಮ್ಮೆದುರೇ ಪಕ್ಕದ ಮನೆಯ ಮಕ್ಕಳನ್ನು ಕರೆದು ಕೊಟ್ಟರು.

ಈ ತಪ್ಪು ಹೇಗಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಫೋನಿನ ಕ್ಯಾಲೆಂಡರಿನಲ್ಲಿ 25ಕ್ಕೆ ಕ್ರಿಸ್‌ಮಸ್ ಅಂತಿತ್ತು. ಸಾಲದ್ದಕ್ಕೆ ಅದೇ ನವೆಂಬರ್‌ನಲ್ಲಿ ಉಕ್ರೇನ್ ಸಂಸತ್ತು ಡಿಸೆಂಬರ್ 25ನ್ನೂ ಸರ್ಕಾರಿ ರಜೆ ಮಾಡಿತು. ಜನವರಿ 7ರ ರಜೆ ಹಾಗೆಯೇ ಉಳಿದು, ಇದು ಅದರ ಜೊತೆಗೆ ಸೇರಿದ್ದು. ಕಾಲೇಜಿಗೆ ರಜೆ ಅಂತ ಗೊತ್ತಾದ ಕೂಡಲೇ ಹಬ್ಬ ಅವತ್ತೇ ಅಂತ ನನಗೆ ಖಾತ್ರಿಯಾಯಿತು. ಇಷ್ಟಾದರೂ ನಾನು ದಕ್ಷಿಣ ಕನ್ನಡದವನು! ಘಟ್ಟದ ಮೇಲಿನವರಿಗೆ ಚಾಂದ್ರಮಾನ ಯುಗಾದಿ, ನಮಗೆ ಬಿಸು, ಎರಡಕ್ಕೂ ನಡುವೆ ದಿನಗಟ್ಟಲೆ ಅಂತರ ಅಂತ ಹುಟ್ಟಿದಾಗಿನಿಂದ ನೋಡಿದವನು. ಬಿಸು ಊಟಕ್ಕೆ ಕರೆದವರ ಮನೆಗೆ ಯುಗಾದಿಯ ದಿನವೇ ಹೋಗಿ ನಿಂತ ಹಾಗಾಯಿತು. ಒಂದು ಮಾತು ಕೇಳಿದ್ದರೆ ಸಾಕಿತ್ತು, "ಯಾವತ್ತು ಬಾಬುಸ್ಯಾ?" ಅಂತ. ಅಷ್ಟು ಉಕ್ರೇನಿಯನ್ ನನಗೆ ಬರುತ್ತಿತ್ತು.

ಸರಿ, 7ಕ್ಕೆ ಮತ್ತೆ ಬನ್ನಿ ಅಂದರು ಅಜ್ಜಿ. ಆಗಲೇ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾದದ್ದು. ಜನವರಿ 3ಕ್ಕೆ ನನ್ನ ವಿಮಾನ. ಸಂಕ್ರಾಂತಿ ಕಳೆದು ಅಕ್ಕನ ಮದುವೆ, ಟಿಕೆಟ್ಟನ್ನು ಅಕ್ಟೋಬರ್‌ನಲ್ಲೇ ತೆಗೆದಿದ್ದೆ, ಬದಲಾಯಿಸಿದರೆ ದುಡ್ಡು ಪೂರ್ತಿ ಹೋಗುತ್ತಿತ್ತು. ಅಜ್ಜಿ ಕರೆದ ದಿನವೇ ವಿಚಾರಿಸಿದ್ದರೆ 9ಕ್ಕೋ 10ಕ್ಕೋ ತೆಗೆಯುತ್ತಿದ್ದೆ, ಮದುವೆಗೆ ಧಾರಾಳ ಸಮಯವಿರುತ್ತಿತ್ತು. ತಪ್ಪಿದ ಪಾಠಗಳಿಗೆ ಒತ್ರಾಬೊತ್ಕಾ, ಅಂದರೆ ಮತ್ತೆ ಹೋಗಿ ಒಪ್ಪಿಸುವುದು, ಹೇಗೂ ಇದ್ದೇ ಇತ್ತು. ಮುಂದಿನ ವರ್ಷ ಬರ್ತೇನೆ ಅಂದೆ. ಮುಂದಿನ ಶರತ್ಕಾಲಕ್ಕೆ ಅಜ್ಜಿ ಇಟಲಿಯಲ್ಲಿ ಕೆಲಸಕ್ಕಿದ್ದ ಮಗಳ ಮನೆಗೆ ಮೊಮ್ಮಗುವನ್ನು ನೋಡಿಕೊಳ್ಳಲು ಹೋದರು, ಹಳ್ಳಿಮನೆಗೆ ಬೀಗ ಬಿತ್ತು. ಆಮೇಲೆ ಕೊರೊನಾ. 2022ರ ಫೆಬ್ರವರಿ ಕೊನೆಯಲ್ಲಿ ನಾನೇ ಒಂದು ಬ್ಯಾಗಿನೊಂದಿಗೆ ರೊಮೇನಿಯಾ ಗಡಿ ದಾಟಿದೆ. ಬೇರೆ ವರ್ಷಗಳಲ್ಲಿ ಬೇರೆ ಹಳ್ಳಿಗಳ ಹಬ್ಬ ನೋಡಿದ್ದೇನೆ. ಆ ಬೆಟ್ಟಗಳ ಹುತ್ಸುಲ್ ಜನಾಂಗದ ಗಂಡಸರು ಕಸೂತಿ ಕೋಟು ತೊಟ್ಟು, ಕೈಯಲ್ಲಿ ಸಣ್ಣ ಕೊಡಲಿ ಹಿಡಿದು, ಕೊಂಬು ಊದುತ್ತ ಮನೆ ಮನೆಗೆ ಹಾಡಿಕೊಂಡು ಹೋಗುವುದನ್ನು ರಸ್ತೆಯ ಬದಿಯಲ್ಲಿ ನಿಂತು ಕೇಳಿದ್ದೇನೆ. ಕರೆದವರ ಮನೆಯ ಒಳಗೆ ಕೂತು ಕೇಳುವ ಭಾಗ್ಯ ಸಿಗಲಿಲ್ಲ.

ಆದರೆ ಅವತ್ತು ಅಜ್ಜಿ ನಮ್ಮನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಪಕ್ಕದ ಮನೆಗೆ ಹೋಗಿ ಚರ್ಚಿನ ಕೀಲಿ ತಂದರು, ಅಂಗೈಯಷ್ಟು ಉದ್ದದ ಕಬ್ಬಿಣದ ಕೀಲಿ. ಯುನೆಸ್ಕೊ ಪಟ್ಟಿಗೂ ಪ್ರವಾಸದ ಪುಸ್ತಕಕ್ಕೂ ಸೇರದ ಊರ ಚರ್ಚು ಅದು. ಒಳಗೆ ಹೊರಗಿಗಿಂತ ಹೆಚ್ಚು ಚಳಿ, ಜೇನುಮೇಣದ ವಾಸನೆ. ಮೊದಲು ಸಿಗುವ ಭಾಗಕ್ಕೆ ಬಾಬಿನೆತ್ಸ್ ಅನ್ನುತ್ತಾರೆ, ಹಿಂದೆ ಹೆಂಗಸರು ನಿಲ್ಲುತ್ತಿದ್ದ ಜಾಗ. ಅಜ್ಜಿ ನನ್ನ ಕೈಗವುಸು ತೆಗೆಸಿ, ಗೋಡೆ ಗೋಡೆಗೆ ಕೂಡುವ ಮೂಲೆಯ ಮೇಲೆ ಕೈ ಇಡಿಸಿದರು. ಅಡ್ಡಡ್ಡ ಮಲಗಿಸಿದ ದಿಮ್ಮಿಗಳು ಒಂದರ ಕಚ್ಚಿನಲ್ಲಿ ಒಂದು ಕೂತಿವೆ, ಮೊಳೆ ಇಲ್ಲ. ನಮ್ಮ ಅಜ್ಜನ ಮನೆಯ ತೊಲೆ-ಪಕ್ಕಾಸು ನೆನಪಾಯಿತು. ಹೊರಗೆ ಚರ್ಚಿನ ಸುತ್ತ ಸೊಂಟದ ಪಟ್ಟಿಯ ಹಾಗೆ ಒಂದು ಇಳಿಮಾಡು, ಕೆಳಗಿನ ದಿಮ್ಮಿಗಳಿಗೆ ಮಳೆ-ಹಿಮ ಬಡಿಯದಿರಲಿ ಅಂತ. ಮೂಡುಬಿದಿರೆಯ ಬಸದಿ ಕಟ್ಟಿದವರ ಚಿಂತೆಯೂ ಮಳೆಯದೇ. ಗರ್ಭಗುಡಿಯನ್ನು ಮರೆ ಮಾಡುವ ಚಿತ್ರಪಟಗಳ ಗೋಡೆಯ ಮುಂದೆ ಅಜ್ಜಿ ಒಂದೇ ಒಂದು ಮೇಣದ ಬತ್ತಿ ಹಚ್ಚಿದರು. ಸಂತ ನಿಕೋಲಾಸನ ಬಲಗೈ ಬೆರಳುಗಳ ಬಣ್ಣ ಎದ್ದುಹೋಗಿ ಹಲಗೆ ಕಾಣುತ್ತಿತ್ತು. ಜನ ಮುತ್ತಿಟ್ಟು ಮುತ್ತಿಟ್ಟು ಹಾಗಾಗಿದೆ ಅಂದರು.

ವಾಪಸು ಬಂದು ಕೊಟ್ಟಿಗೆಯ ಬಾಗಿಲು ತೆರೆದು ಇನ್ನೊಂದು ತೋರಿಸಿದರು. ಗೋಧಿಯ ಒಂದು ಸಿವುಡು, ತೆನೆ ಸಮೇತ, ಕೆಂಪು ನೂಲು ಕಟ್ಟಿ ಇಲಿ ತಾಗದ ಹಾಗೆ ಮೇಲೆ ತೂಗುಹಾಕಿತ್ತು. ದಿದುಖ್ ಅಂತ ಅದರ ಹೆಸರು. ಜನವರಿ 6ರ ಸಂಜೆ ಮೊದಲ ನಕ್ಷತ್ರ ಕಂಡ ಮೇಲೆ ಅದನ್ನು ಒಳಗೆ ತಂದು ದೇವರ ಪಟದ ಕೆಳಗೆ ಇಟ್ಟು, ಹನ್ನೆರಡು ಬಗೆಯ ಮಾಂಸವಿಲ್ಲದ ಅಡುಗೆಗೆ ಕೂರುತ್ತಾರಂತೆ. ಮೊದಲ ತುತ್ತು ಕುತ್ಯಾ: ಬೇಯಿಸಿದ ಗೋಧಿ, ಅರೆದ ಗಸಗಸೆ, ಜೇನು. ನಮ್ಮ ಊರಲ್ಲಿ ಕೊರಳು ಹಬ್ಬಕ್ಕೆ ತೆನೆ ಒಳಗೆ ತರುವುದನ್ನು ಹೇಳಲು ಹೋದೆ, ಪದ ಸಾಲಲಿಲ್ಲ. ಆ ಸಿವುಡು ಅವತ್ತು ಅಲ್ಲಿ ತನ್ನ ದಿನಕ್ಕಾಗಿ ಕಾಯುತ್ತಿತ್ತು. ವರ್ಷಗಳೇ ಕಳೆದವು, ಇವತ್ತಿಗೂ ನನ್ನ ಕಣ್ಣಿಗೆ ಕಟ್ಟುವುದು ಅದೇ.

ಈಗ ನಿಮ್ಮ ವಿಷಯ. 2023ರ ಸೆಪ್ಟೆಂಬರ್ 1ರಿಂದ ಅಲ್ಲಿನ ಗ್ರೀಕ್ ಕ್ಯಾಥೊಲಿಕ್ ಚರ್ಚೂ ಉಕ್ರೇನಿನ ಆರ್ಥೊಡಾಕ್ಸ್ ಚರ್ಚೂ ಹೊಸ ಪಂಚಾಂಗಕ್ಕೆ ಬದಲಾದವು, ಸರ್ಕಾರಿ ಕ್ರಿಸ್‌ಮಸ್ ರಜೆಯೂ ಡಿಸೆಂಬರ್ 25ಕ್ಕೇ ಬಂತು. ಅಜ್ಜಿ ಆ ವರ್ಷ ಹಳ್ಳಿಗೆ ಮರಳಿದ್ದರು, ಡಿಸೆಂಬರ್‌ನಲ್ಲಿ ವೈಬರ್‌ನಲ್ಲಿ ಅವರ ಸಂದೇಶ ಬಂತು: "ಈಗ ನಮ್ಮದೂ ನಿನ್ನ ದಿನವೇ." ಹಾಗಾಗಿ ನಿಮ್ಮ ತಾರೀಕು ಸರಿಯಿದೆ. ಆದರೂ ಹಳೆಯ ದಿನ ಬಿಡದವರು ಇದ್ದಾರೆ. ಈಸ್ಟರ್ ಅಂತೂ ಹಳೆಯ ಲೆಕ್ಕದಲ್ಲೇ ನಡೆಯುತ್ತಿದೆ. 2024ರಲ್ಲಿ ನಿಮ್ಮ ಪೋಲೆಂಡ್‌ನಲ್ಲಿ ಮಾರ್ಚ್ 31ಕ್ಕೆ ಈಸ್ಟರ್, ಅವರಿಗೆ ಮೇ 5ಕ್ಕೆ. 2025ರಲ್ಲಿ ಇಬ್ಬರಿಗೂ ಏಪ್ರಿಲ್ 20. ಆದ್ದರಿಂದ ಯಾವ ಹಬ್ಬಕ್ಕೇ ಆಗಲಿ, ಹೋಗುವ ಹಳ್ಳಿಯವರನ್ನೇ ಕೇಳಿ ಆಮೇಲೆ ಟಿಕೆಟ್ ತೆಗೆಯಿರಿ.

ಪಟ್ಟಿಯಲ್ಲಿ ಯಾವುದನ್ನು ಬಿಡಬೇಕು ಅಂದಿರಿ. ನನ್ನನ್ನು ಕೇಳಿದರೆ ಪಟ್ಟಿಯನ್ನೇ ಬಿಡಿ ಮಾರಾಯ್ರೆ. ಮೂರು ದಿನಕ್ಕೆ ಹನ್ನೊಂದು ಜಾಗ ಅಂದರೆ ಹನ್ನೊಂದು ಬೀಗ ನೋಡಿ ಬರುತ್ತೀರಿ. ಹಳ್ಳಿಯ ಚರ್ಚಿಗೆ ಟಿಕೆಟ್ ಕಿಟಕಿ ಇರುವುದಿಲ್ಲ, ಕೀಲಿ ಯಾರದೋ ಮನೆಯ ಮೊಳೆಯಲ್ಲಿ ಇರುತ್ತದೆ, ಆ ಮನೆಯವರು ಹೊಲಕ್ಕೋ ಪೇಟೆಗೋ ಹೋಗಿರುತ್ತಾರೆ. ಅವರು ಬರುವ ತನಕ ಕಾಯಲು ಪುರುಸೊತ್ತು ಇದ್ದವನಿಗಷ್ಟೇ ಬಾಗಿಲು ತೆರೆಯುತ್ತದೆ. ಕೊಲೊಮಿಯಾದಲ್ಲಿ ಉಳಿಯಿರಿ, ಮೂರೂ ರಾತ್ರಿ. ಊರಿಗೆ ತಾಗಿಕೊಂಡೇ ನಿಜ್ನಿ ವೆರ್ಬಿಜ್ ಇದೆ, ಅಲ್ಲಿಯ 1808ರ ಮರದ ಚರ್ಚು ಯುನೆಸ್ಕೊ ಪಟ್ಟಿಯದು. ಲ್ವಿವ್‌ನಿಂದ ಬರುವ ದಾರಿಯಲ್ಲಿ ರೊಹಾತಿನ್‌ನಲ್ಲಿ ಇಳಿಯಿರಿ, ಅಲ್ಲಿಯ ಪವಿತ್ರಾತ್ಮ ಚರ್ಚಿನ ಚಿತ್ರಪಟಗಳ ಗೋಡೆ 1650ರದ್ದು. ಅದು ಮ್ಯೂಸಿಯಂ ಆಗಿರುವುದರಿಂದ ವಾರದ ರಜೆ ನೋಡಿಕೊಂಡು ಹೋಗಿ. ಇವೆರಡು ಸಾಕು, ಮೂರನೆಯದು ಹೆಸರಿಲ್ಲದ ಯಾವುದಾದರೂ ಹಳ್ಳಿಯದಾಗಿರಲಿ.

ಹೊವೆರ್ಲಾ ಬೆಟ್ಟ 2061 ಮೀಟರ್, ದೇಶದಲ್ಲೇ ಎತ್ತರದ್ದು. ಡಿಸೆಂಬರ್‌ನಲ್ಲಿ ಹತ್ತುವ ಆಸೆ ಬೇಡವೇ ಬೇಡ, ಹಿಮ ಕುಸಿಯುವ ಕಾಲ ಅದು. ಅದರ ಬುಡದಲ್ಲೇ ಹುಟ್ಟುವ ಪ್ರೂತ್ ನದಿ ಯಾರೆಮ್ಚೆಯ ಜಲಪಾತ ದಾಟಿ ಕೊಲೊಮಿಯಾಕ್ಕೇ ಬರುತ್ತದೆ, ದಡದಲ್ಲಿ ನಡೆದಾಡಿ. ಯಾರೆಮ್ಚೆಯನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ಮ್ಯೂಸಿಯಂಗಳ ಬಗ್ಗೆ ಮಾತ್ರ ನಿಮ್ಮ ಆಯ್ಕೆ ಚೆನ್ನಾಗಿದೆ. ಕೊಲೊಮಿಯಾದ ಪಿಸಾಂಕಾ (ಬಣ್ಣದ ಚಿತ್ತಾರದ ಮೊಟ್ಟೆ) ಮ್ಯೂಸಿಯಂ 2000ದಲ್ಲಿ ಶುರುವಾದದ್ದು, ಕಟ್ಟಡದ ನಡುವೆ ಸುಮಾರು 14 ಮೀಟರ್ ಎತ್ತರದ ಬಣ್ಣದ ಮೊಟ್ಟೆ ಎದ್ದು ನಿಂತಿದೆ. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ, ನೀವು ಹಾಗೆ ಮಾಡಬೇಡಿ. ಮೊದಲು ಯಾರಾದರೂ ಮೊಟ್ಟೆ ಬರೆಯುವುದನ್ನು ಕೂತು ನೋಡಿ. "ಬರೆಯುವುದು" ಅಂತಲೇ ಅವರು ಹೇಳುವುದು, ಪಿಸಾಂಕಾ ಎಂಬ ಹೆಸರೂ ಅದರಿಂದಲೇ ಬಂದದ್ದು. ಹಸಿ ಮೊಟ್ಟೆಯ ಮೇಲೆ ಕಾದ ಜೇನುಮೇಣದಿಂದ ಗೆರೆ ಎಳೆದು, ಹಳದಿಯಲ್ಲಿ ಮುಳುಗಿಸಿ, ಮತ್ತೆ ಗೆರೆ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಎಲ್ಲ ಆದ ಮೇಲೆ ದೀಪದ ಪಕ್ಕ ಹಿಡಿದು ಮೇಣ ಕರಗಿಸಿ ಒರೆಸಿದಾಗ ಮುಚ್ಚಿಹೋಗಿದ್ದ ಬಣ್ಣಗಳೆಲ್ಲ ಒಟ್ಟಿಗೆ ಕಾಣುತ್ತವೆ. ಅದನ್ನು ಒಮ್ಮೆ ನೋಡಿದ ಮೇಲೆ ಗಾಜಿನ ಹಿಂದಿನ ಸಾವಿರಾರು ಮೊಟ್ಟೆಗಳನ್ನು ಓದಲು ಬರುತ್ತದೆ. ಹುತ್ಸುಲ್ ಜನಪದ ಕಲೆಯ ಮ್ಯೂಸಿಯಮ್ಮೂ ಅದೇ ಊರಲ್ಲಿದೆ. ಅದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಕೊಡಿ, ಕೊಸಿವ್‌ನ ಹಸಿರು-ಹಳದಿ-ಕಂದು ಬಣ್ಣದ ಮಣ್ಣಿನ ಪಾತ್ರೆಗಳ ಎದುರು ಹೆಚ್ಚು ಹೊತ್ತು ನಿಲ್ಲಿ. ಅಜ್ಜಿ ಅವತ್ತು ಹೊರಡುವಾಗ ಒಂದು ಪಿಸಾಂಕಾವನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಕೊಟ್ಟಿದ್ದರು. 2022ರಲ್ಲಿ ಗಡಿ ದಾಟುವಾಗ ಬ್ಯಾಗಿನಲ್ಲಿ ಪಾಸ್‌ಪೋರ್ಟ್, ಅಂಕಪಟ್ಟಿಗಳ ಜೊತೆ ಅದೂ ಬಂತು. ಪುತ್ತೂರಿನ ಮನೆಯ ಶೋಕೇಸಿನಲ್ಲಿದೆ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದರೆ ಒಳಗೆ ಒಣಗಿದ ಹಳದಿ ಗುಂಡು ಟಕಟಕ ಅನ್ನುತ್ತದೆ.

ಯುದ್ಧ ನಿಲ್ಲುವ ಮೊದಲು ಮಾತ್ರ ದಯವಿಟ್ಟು ಹೊರಡಬೇಡಿ. ಪಶ್ಚಿಮದ ಭಾಗ ಸುರಕ್ಷಿತ ಅಂತ ಯಾರೋ ಹೇಳಿದರೆ ನಂಬಬೇಡಿ, ಮೊದಲ ದಿನವೇ ಕ್ಷಿಪಣಿ ಬಿದ್ದ ಜಾಗಗಳಲ್ಲಿ ನಾನು ಓದಿದ ಇವಾನೊ-ಫ್ರಾಂಕಿವ್ಸ್ಕ್ ನಗರದ ವಿಮಾನ ನಿಲ್ದಾಣವೂ ಒಂದು. ಅಲ್ಲಿಯ ತನಕ ನಿಮಗೆ ದಾರಿ ಇಲ್ಲ ಅಂತಲ್ಲ. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಮರದ ಚರ್ಚುಗಳು ಒಟ್ಟು 16, ಅವುಗಳಲ್ಲಿ ಎಂಟು ನೀವಿರುವ ಪೋಲೆಂಡ್‌ನಲ್ಲೇ ಇವೆ. ಕ್ವಿಯಾತೋನ್ ಎಂಬ ಹಳ್ಳಿಯದು ನಿಮ್ಮ ಮಾವೊಪೊಲ್ಸ್ಕಾ ಪ್ರಾಂತ್ಯದ್ದೇ. ಒಂದು ಶನಿವಾರ ಹೋಗಿ, ಮೂಲೆಯ ಕಚ್ಚಿನ ಮೇಲೆ ಕೈ ಇಟ್ಟು ನೋಡಿ ಬನ್ನಿ.

ಆ ಕಡೆ ಹೋಗುವ ಕಾಲ ಬಂದಾಗ ಇಲ್ಲಿಯೇ ಕೆಳಗೆ ಬರೆಯಿರಿ. ಅಜ್ಜಿಯನ್ನು ಕೇಳಿ ಆ ವರ್ಷ ಹಬ್ಬ ಯಾವತ್ತು ಅಂತ ತಿಳಿಸುತ್ತೇನೆ. ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗುವುದಾದರೆ ಕೇಕ್ ಬೇಡ, ಊರಿಂದ ಗೇರುಬೀಜ ತರಿಸಿಕೊಳ್ಳಿ. ವ್ರತದಲ್ಲಿದ್ದವರೂ ತಿನ್ನಬಹುದು.