ಅಷ್ಟು ಜನ ನೋಡುತ್ತಿದ್ದ ಚಾನೆಲ್ ಯಾಕೆ ಮುಚ್ಚಿತು?

ಹೊಳಲ್ಕೆರೆಯಲ್ಲಿ ಬೆಳೆದು, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಈಗ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಯುವಕರಿಗಾಗಿ ಹಾಡು, ಧಾರಾವಾಹಿ ಹಾಕುತ್ತಿದ್ದ ಹಿಂದಿ ಟಿವಿ ಚಾನೆಲ್ ‘ಚಾನೆಲ್ ವಿ’ ಬಗ್ಗೆ ಕಳೆದ ಸಂಚಿಕೆಯ ಲೇಖನವೊಂದರಲ್ಲಿ ‘ಚಾನೆಲ್ ವಿ ಥರದವು ನಮ್ಮ ಹುಡುಗರನ್ನು ಕೆಡಿಸಿದವು, ಮುಚ್ಚಿದ್ದೇ ಒಳ್ಳೆಯದಾಯಿತು’ ಎಂಬ ಸಾಲಿತ್ತು. ಅದನ್ನು ಓದಿ ಅವರಿಗೆ ಬೇಜಾರಾಗಿದೆ. ‘ಹಾಸ್ಟೆಲಿನ ಟಿವಿ ರೂಮಿನಲ್ಲಿ ಸಂಜೆ ಅರವತ್ತು ಜನ ಹುಡುಗಿಯರು ಕೂತು ನೋಡುತ್ತಿದ್ದೆವು. ನಮ್ಮ ಮೆಕ್ಯಾನಿಕಲ್ ಕ್ಲಾಸಿನಲ್ಲಿ ಹುಡುಗಿಯರು ನಾಲ್ಕೇ ಜನ. ಅದರಲ್ಲಿ ಬರುತ್ತಿದ್ದ ಸಡ್ಡಾ ಹಕ್ ಧಾರಾವಾಹಿ ನಮಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಲೇಖಕರಿಗೆ ಗೊತ್ತಾ? ಅಷ್ಟು ಜನ ನೋಡುತ್ತಿದ್ದ ಚಾನೆಲ್ ಯಾಕೆ ಮುಚ್ಚಿತು? ಕನ್ನಡದಲ್ಲಿ ಅಂಥದ್ದೊಂದು ಯಾಕೆ ಬರಲಿಲ್ಲ?’ ಎಂದು ಕೇಳಿದ್ದಾರೆ.

ನಮಸ್ಕಾರ.

ಮೊದಲು ಆ ಸಾಲಿನ ವಿಷಯ. ಲೇಖನ ಪ್ರೆಸ್ಸಿಗೆ ಹೋಗುವ ಮುಂಚೆ ನಾನು ಓದಿದ್ದೆ. ಬರೆದವರಿಗೆ ಫೋನ್ ಮಾಡಿ ‘ಯಾವ ಹುಡುಗರು, ಹೇಗೆ ಕೆಟ್ಟರು’ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು, ಕ್ಷಮಿಸಿ. ಆ ಚಾನೆಲ್ ನೋಡಿ ಬೆಳೆದವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಾನು ಜಗಳೂರು ಕಡೆಯ ಹಳ್ಳಿಯಿಂದ ಓದಲು ದಾವಣಗೆರೆಗೆ ಬಂದಾಗ ಅದಿನ್ನೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ವಿದ್ಯಾನಗರದಲ್ಲಿ ಮೂವರು ಸೇರಿ ಒಂದು ರೂಮು ಮಾಡಿದ್ದೆವು. ಅಲ್ಲಿಯವರೆಗೆ ಟಿವಿ ಅಂದರೆ ನನಗೆ ದೂರದರ್ಶನ. ಟಿವಿಯಲ್ಲಿ ಕನ್ನಡ ಹಾಡು ಅಂದರೆ ಚಿತ್ರಮಂಜರಿ. ಅದಕ್ಕಾಗಿ ವಾರವಿಡೀ ಕಾಯಬೇಕು. ಅವತ್ತೇ ಕರೆಂಟು ಹೋದರೆ ಮುಗೀತು, ಮತ್ತೆ ಮುಂದಿನ ವಾರ. ಓನರ್ ಮನೆಗೆ ಕೇಬಲ್ ಹಾಕಿಸಿದ ದಿನ ಅವರ ಮಗ ನಮ್ಮನ್ನು ಕೂಗಿ ಕರೆದ. ಮಟಮಟ ಮಧ್ಯಾಹ್ನ. ಟಿವಿಯಲ್ಲಿ ಹಾಡು ಬರುತ್ತಿತ್ತು. ಅದು ಮುಗಿದ ಕೂಡಲೇ ಇನ್ನೊಂದು. ನಾವು ಬಾಗಿಲಲ್ಲೇ ನಿಂತು ಇವತ್ತೇನು ಹಬ್ಬವಾ ಅಂತ ಮುಖ ಮುಖ ನೋಡಿಕೊಂಡೆವು.

ಆ ಚಾನೆಲ್ ಹುಟ್ಟಿದ್ದು ಒಂದು ಜಗಳದಿಂದ. 1991ರಲ್ಲಿ ಸ್ಟಾರ್ ಟಿವಿ ಡಿಶ್‌ಗಳ ಮೂಲಕ ಭಾರತಕ್ಕೆ ಬಂದಾಗ ಅದರ ಜೊತೆ ಎಂಟಿವಿ ಎಂಬ ಹಾಡಿನ ಚಾನೆಲ್ಲೂ ಬಂತು. 1994ರಲ್ಲಿ ಅವರಿಬ್ಬರೂ ಬೇರೆಯಾದರು. ಖಾಲಿಯಾದ ಜಾಗದಲ್ಲಿ ಸ್ಟಾರ್ ತನ್ನದೇ ಚಾನೆಲ್ ವಿ ಶುರು ಮಾಡಿತು. ಎಂಟಿವಿ ಭಾರತಕ್ಕೆಂದೇ ಪ್ರತ್ಯೇಕ ಚಾನೆಲ್ ಮಾಡಿಕೊಂಡು ವಾಪಸ್ ಬಂದದ್ದು 1996ರಲ್ಲಿ. ಅಷ್ಟರೊಳಗೆ ಚಾನೆಲ್ ವಿ ಒಂದು ದಾರಿ ಕಂಡುಕೊಂಡಿತ್ತು. ಹಿಂದಿ ಹಾಡು, ಹಿಂದಿ ಇಂಗ್ಲಿಷ್ ಬೆರೆಸಿದ ಮಾತು, ಕ್ಯಾಮೆರಾ ಮುಂದೆ ಗೆಳೆಯರ ಥರ ಹರಟುವ ವಿಜೆಗಳು, ಅಂದರೆ ಹಾಡಿನ ಕಾರ್ಯಕ್ರಮದ ನಿರೂಪಕರು. ಸುದ್ದಿ ಓದುವವರ ಬಿಗಿ ಮುಖ ನೋಡಿ ಅಭ್ಯಾಸವಾಗಿದ್ದ ನಮಗೆ ಟಿವಿಯಲ್ಲಿ ಹೀಗೂ ಮಾತಾಡಬಹುದಾ ಅನ್ನಿಸಿತ್ತು.

ನಮ್ಮ ಕಡೆಯವರ ಬಗ್ಗೆ ಆ ಚಾನೆಲ್‌ಗೆ ಪ್ರೀತಿ ಜಾಸ್ತಿ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ದಕ್ಷಿಣದವರು ಅಲ್ಲಿ ಕಂಡದ್ದು ಹೆಚ್ಚಾಗಿ ನಗಿಸುವ ಪಾತ್ರಗಳಾಗಿ. ಕ್ವಿಕ್ ಗನ್ ಮುರುಗನ್, ಆಮೇಲೆ ಲೋಲಾ ಕುಟ್ಟಿ. ನಾವೂ ನಕ್ಕಿದ್ದೇವೆ. ಕನ್ನಡದ ಹುಡುಗನೋ ಹುಡುಗಿಯೋ ನಮ್ಮ ಮಾತಿನಲ್ಲಿ ಅಲ್ಲಿ ಮಾತಾಡಿದ್ದು ಮಾತ್ರ ನನಗೆ ನೆನಪಿಲ್ಲ. 2002ರಲ್ಲಿ ‘ಪಾಪ್‌ಸ್ಟಾರ್ಸ್’ ಸ್ಪರ್ಧೆ ನಡೆಸಿ ಐದು ಜನ ಹುಡುಗಿಯರನ್ನು ಆರಿಸಿ ‘ವಿವಾ’ ಎಂಬ ತಂಡ ಕಟ್ಟಿದರು. ಆಗ ನಾನು ಪತ್ರಿಕೆಯೊಂದರಲ್ಲಿ ಟ್ರೈನಿ. ಮನೆಯಲ್ಲಿ ಹಾಡಲು ಬಿಡದ ಹುಡುಗಿಯರು ಅದನ್ನು ಹೇಗೆ ನೋಡುತ್ತಿದ್ದರು ಅನ್ನುವುದನ್ನು ನನ್ನ ತಂಗಿಯ ಮುಖದಲ್ಲೇ ಕಂಡಿದ್ದೇನೆ.

ನಿಮ್ಮ ಕಾಲದ ಚಾನೆಲ್ ವಿ ಬೇರೆಯೇ. ಹಾಡು ಎಲ್ಲ ಕಡೆ ಸಿಗಲು ಶುರುವಾಯಿತು. ಎಲ್ಲ ಮ್ಯೂಸಿಕ್ ಚಾನೆಲ್‌ಗಳಲ್ಲೂ ಅದೇ ಹಾಡು, ಯೂಟ್ಯೂಬಿನಲ್ಲೂ ಅದೇ ಹಾಡು. ಹಾಗಾಗಿ 2012ರಲ್ಲಿ ಅವರು ಹಾಡು ಬಿಟ್ಟು ಪೂರ್ತಿ ಕಥೆಗಳ ಕಡೆ ಹೊರಳಿದರು. ‘ದಿಲ್ ದೋಸ್ತಿ ಡಾನ್ಸ್’ ಅದಕ್ಕೂ ಮುಂಚೆ, 2011ರಲ್ಲೇ ಬಂದಿತ್ತು. 2013ರ ಕೊನೆಗೆ ‘ಸಡ್ಡಾ ಹಕ್’ ಶುರುವಾಯಿತು. ನೀವು ಬರೆದದ್ದು ಅದರ ಬಗ್ಗೆಯೇ. ಮೆಕ್ಯಾನಿಕಲ್ ಇಂಜಿನಿಯರ್ ಆಗಬೇಕು ಅಂತ ಹಟ ಹಿಡಿದ ಹುಡುಗಿ, ಬೇಡ ಅನ್ನುವ ಅಪ್ಪ, ಹುಡುಗರೇ ತುಂಬಿರುವ ಕ್ಲಾಸು. ಉಳಿದ ಚಾನೆಲ್‌ಗಳಲ್ಲಿ ಅದೇ ಹೊತ್ತಿಗೆ ಸೊಸೆಯರು ಅಡುಗೆಮನೆಯಲ್ಲಿ ಅಳುತ್ತಿದ್ದರು. ಲೇತ್ ಮುಂದೆ ನಿಂತ ಹುಡುಗಿಯನ್ನು ಪ್ರತಿ ಸಂಜೆ ತೋರಿಸಿದ ಇನ್ನೊಂದು ಚಾನೆಲ್ ಯಾವುದು ಹೇಳಿ? ನಮ್ಮ ಲೇಖಕರು ಅದನ್ನು ನೋಡಿಯೇ ಇಲ್ಲ ಅನ್ನಿಸುತ್ತದೆ. ನೋಡಿದ್ದರೆ ಆ ಸಾಲು ಬರೆಯುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಅರವತ್ತು ಜನ ನೋಡುತ್ತಿದ್ದೆವು ಎಂದಿರಿ. ಲೆಕ್ಕದಲ್ಲಿ ಆ ಅರವತ್ತು ಜನ ಸೊನ್ನೆ.

ಇದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಯಾವ ಚಾನೆಲ್ ಎಷ್ಟು ಜನ ನೋಡುತ್ತಾರೆ ಅಂತ ಅಳೆಯಲು ಆಯ್ದ ಕೆಲವು ಮನೆಗಳ ಟಿವಿಗೆ ಮೀಟರ್ ಜೋಡಿಸುತ್ತಾರೆ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಟನ್. ನೋಡಲು ಕೂತಾಗ ತಮ್ಮ ಬಟನ್ ಒತ್ತಬೇಕು. ಮೊದಲು ಈ ಕೆಲಸ ಮಾಡುತ್ತಿದ್ದ ಟ್ಯಾಮ್ ಸಂಸ್ಥೆಯ ಮೀಟರ್‌ಗಳು ಬಹುತೇಕ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲೇ ಇದ್ದವು. ಹಳ್ಳಿಗಳು ಲೆಕ್ಕಕ್ಕೆ ಬಂದದ್ದು 2015ರಲ್ಲಿ, ಈ ಕೆಲಸಕ್ಕೆ ಬಾರ್ಕ್ ಎಂಬ ಹೊಸ ಸಂಸ್ಥೆ ಬಂದ ಮೇಲೆ. ಅಂದರೆ ಬಹಳ ವರ್ಷ ನಿಮ್ಮ ಹೊಳಲ್ಕೆರೆಯಾಗಲಿ, ನಮ್ಮ ಜಗಳೂರಾಗಲಿ ಏನು ನೋಡುತ್ತಿತ್ತು ಅಂತ ಮುಂಬೈಯಲ್ಲಿ ಕೂತವರಿಗೆ ಗೊತ್ತೇ ಇರಲಿಲ್ಲ. 2018ರಲ್ಲಿ ದೇಶದಲ್ಲಿ ಟಿವಿ ಇದ್ದ ಮನೆಗಳು ಸುಮಾರು 19.7 ಕೋಟಿ. ಮೀಟರ್ ಇದ್ದದ್ದು ಸುಮಾರು 30 ಸಾವಿರ ಮನೆಗಳಲ್ಲಿ.

‘ಮನೆ’ ಅನ್ನುವ ಮಾತನ್ನು ಗಮನಿಸಿ. ಹಾಸ್ಟೆಲ್ ಮನೆಯಲ್ಲ, ಪಿಜಿ ಮನೆಯಲ್ಲ. ದಾವಣಗೆರೆ ಪಿ.ಜೆ. ಬಡಾವಣೆಯ ಹೋಟೆಲಿನ ಗೋಡೆಯಲ್ಲಿ ನೇತು ಹಾಕಿದ ಟಿವಿ ಮನೆಯದ್ದಲ್ಲ. ಈ ಊರಿನ ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜುಗಳಿಗೆ ಎಲ್ಲೆಲ್ಲಿಂದಲೋ ಬಂದ ಸಾವಿರಾರು ಹುಡುಗ ಹುಡುಗಿಯರು ಟಿವಿ ನೋಡುತ್ತಿದ್ದದ್ದು ಇಂಥ ಜಾಗಗಳಲ್ಲೇ. ಯುವಕರ ಚಾನೆಲ್‌ಗೆ ಯುವಕರು ಇರುವ ಜಾಗವೇ ಲೆಕ್ಕಕ್ಕಿಲ್ಲ. ಇದಕ್ಕಿಂತ ಅನ್ಯಾಯ ಇದೆಯಾ?

ಇನ್ನು ಮನೆಯಲ್ಲಿ. ನಮ್ಮಲ್ಲಿ ಬಹುತೇಕ ಮನೆಗಳಿಗೆ ಒಂದೇ ಟಿವಿ. ರಿಮೋಟ್ ಯಾರ ಕೈಯಲ್ಲಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಸಂಜೆ ಆರರಿಂದ ಹತ್ತರವರೆಗೆ ಅಮ್ಮನ ಧಾರಾವಾಹಿ, ಅಪ್ಪನ ನ್ಯೂಸು. ಮ್ಯಾಚ್ ಇದ್ದರೆ ಅಣ್ಣನದ್ದು. ಹುಡುಗಿಗೆ ಸಿಗುತ್ತಿದ್ದದ್ದು ಎಲ್ಲರೂ ಹೊರಗೆ ಹೋದಾಗಿನ ಅರ್ಧ ಗಂಟೆ. ಬೀದಿಯಲ್ಲಿ ಅಪ್ಪನ ಸ್ಕೂಟರ್ ಸದ್ದು ಕೇಳಿದರೆ ಚಾನೆಲ್ ಬದಲು. ಹೀಗೆ ಕದ್ದು ನೋಡಿದ ಅರ್ಧ ಗಂಟೆಯನ್ನು ನಂಬಿ ಯಾವ ಕಂಪನಿ ಜಾಹೀರಾತಿಗೆ ಹಣ ಸುರಿಯುತ್ತದೆ?

ಹಣದ ಮಾತು ಬಂತಲ್ಲ, ಕೇಬಲ್‌ನವರ ಕಡೆಯದ್ದೂ ಹೇಳಿಬಿಡುತ್ತೇನೆ. ಹಳೆಯ ಅನಲಾಗ್ ವೈರಿನಲ್ಲಿ ನೂರರ ಆಸುಪಾಸು ಚಾನೆಲ್‌ಗಳಿಗಷ್ಟೇ ಜಾಗ. ಹಳೆಯ ಟಿವಿಗಳಿಗೆ ಅಷ್ಟೂ ಸಿಗುತ್ತಿರಲಿಲ್ಲ. ಕೊನೆಯ ನಂಬರಿನವು ಬರೀ ಚುಕ್ಕಿ ಚುಕ್ಕಿ. ಚಾನೆಲ್‌ಗಳು ನೂರಾರು ಆದಾಗ ಒಳ್ಳೆಯ ಜಾಗಕ್ಕಾಗಿ ಅವೇ ಕೇಬಲ್ ಕಂಪನಿಗಳಿಗೆ ದುಡ್ಡು ಕೊಡಬೇಕಾಯಿತು. ಅದಕ್ಕೆ ಕ್ಯಾರೇಜ್ ಫೀ ಅನ್ನುತ್ತಿದ್ದರು. ಮನೆಯವರೆಲ್ಲ ನೋಡುವ ದೊಡ್ಡ ಚಾನೆಲ್‌ಗೆ ಅದು ಭಾರವಲ್ಲ. ಒಂದೇ ವಯಸ್ಸಿನವರಿಗಾಗಿ ನಡೆಸುವ ಚಾನೆಲ್‌ಗೆ ಭಾರ. 2012ರಲ್ಲಿ ಮಹಾನಗರಗಳಿಂದ ಶುರುವಾಗಿ ಸೆಟ್‌ಟಾಪ್ ಬಾಕ್ಸ್ ಎಲ್ಲ ಊರಿಗೂ ಬಂತು. ಇನ್ನು ಜನ ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು ಕೊಡುತ್ತಾರೆ, ಚಿಕ್ಕ ಚಾನೆಲ್‌ಗಳೂ ಬದುಕುತ್ತವೆ ಅನ್ನುವ ಮಾತಿತ್ತು. ಒಂದೊಂದು ಚಾನೆಲ್‌ಗೂ ಇಂತಿಷ್ಟು ಅಂತ ಬೆಲೆ ನೋಡಿ ಆರಿಸಿಕೊಳ್ಳುವ, ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ಮಾಡಿದ ನಿಯಮ ಜಾರಿಗೆ ಬಂದದ್ದು 2019ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ನಿಮ್ಮ ಚಾನೆಲ್ ಇರಲಿಲ್ಲ. ಇದ್ದಿದ್ದರೂ, ‘ಅಪ್ಪಾ, ಚಾನೆಲ್ ವಿ ಹಾಕಿಸು’ ಅಂತ ನಿಮ್ಮಲ್ಲಿ ಎಷ್ಟು ಜನ ಕೇಳುತ್ತಿದ್ದಿರಿ?

ಕೊನೆಯ ಪೆಟ್ಟು ಬಿದ್ದದ್ದು 2016ರ ಸೆಪ್ಟೆಂಬರಿನಲ್ಲಿ, ಜಿಯೋ ಬಂದಾಗ. ಅದಕ್ಕೂ ಮುಂಚೆ ಒಂದು ಜಿಬಿ ಡೇಟಾಕ್ಕೆ ಸುಮಾರು 250 ರೂಪಾಯಿ. ತಿಂಗಳಿಗೊಂದು ಪ್ಯಾಕ್ ಹಾಕಿಸಿ, ವಾಟ್ಸ್ಆಪ್ ಬಿಟ್ಟು ಬೇರೇನೂ ತೆರೆಯದೆ ಕಾಪಾಡಿಕೊಳ್ಳುತ್ತಿದ್ದ ಹುಡುಗರನ್ನು ನಮ್ಮ ಆಫೀಸಿನಲ್ಲೇ ನೋಡಿದ್ದೇನೆ. ಆಮೇಲೆ ಹಲವು ತಿಂಗಳು ಪುಕ್ಕಟೆ. ಹುಟ್ಟಿದಾಗಿನಿಂದ ಇನ್ನೊಬ್ಬರ ರಿಮೋಟಿಗೆ ಕಾದವರಿಗೆ ಸ್ವಂತದ ಪರದೆ ಸಿಕ್ಕಿತು. ಅವರು ಯಾಕೆ ನಿಲ್ಲುತ್ತಾರೆ? ನಾನಾದರೂ ನಿಲ್ಲುತ್ತಿರಲಿಲ್ಲ. ಸ್ಟಾರ್ ಕಂಪನಿಯೇ 2015ರಲ್ಲಿ ಹಾಟ್‌ಸ್ಟಾರ್ ಶುರು ಮಾಡಿತ್ತು. ಯುವಕರನ್ನು ಫೋನಿನಲ್ಲೇ ಹಿಡಿಯಬಹುದು ಅಂತ ಗೊತ್ತಾದ ಮೇಲೆ ಅವರಿಗಾಗಿ ಒಂದು ಟಿವಿ ಚಾನೆಲ್ ಸಾಕುವುದೇಕೆ?

ಜಿಯೋ ಬರುವ ಸ್ವಲ್ಪ ಮುಂಚೆ, 2016ರ ಮಧ್ಯದಲ್ಲೇ ಚಾನೆಲ್ ವಿಯವರು ಧಾರಾವಾಹಿಗಳನ್ನು ನಿಲ್ಲಿಸಿ ಮತ್ತೆ ಹಾಡು ಹಾಕಿದ್ದರು. ಯಾವ ಕಾರಣಕ್ಕೆ ಹಾಡು ಬಿಟ್ಟಿದ್ದರೋ ಆ ಕಾರಣ ಇನ್ನೂ ಹಾಗೇ ಇತ್ತು. 2018ರ ಸೆಪ್ಟೆಂಬರ್ 15ಕ್ಕೆ ಚಾನೆಲ್ ವಿ ನಿಂತಿತು. ಅದರ ಜಾಗಕ್ಕೆ ಸ್ಟಾರ್ ಸ್ಪೋರ್ಟ್ಸ್ 3 ಬಂತು. ಅದಕ್ಕೆ ಒಂದು ವರ್ಷ ಮುಂಚೆ ಸ್ಟಾರ್ ಐದು ವರ್ಷದ ಐಪಿಎಲ್ ಹಕ್ಕಿಗೆ 16,347.5 ಕೋಟಿ ರೂಪಾಯಿ ಕೊಟ್ಟಿತ್ತು. ಅಷ್ಟು ಹಣ ಆಟಕ್ಕೆ ಹಾಕಿದವರಿಗೆ ಯಾವ ಚಾನೆಲ್ ಇರಬೇಕು, ಯಾವುದು ಹೋಗಬೇಕು ಅನ್ನುವುದು ಕಷ್ಟದ ಪ್ರಶ್ನೆಯಾಗಿರಲಿಕ್ಕಿಲ್ಲ. ಹೀಗೆ ಅಣ್ಣನ ಮ್ಯಾಚೇ ಗೆದ್ದಿತು.

ಕನ್ನಡದಲ್ಲಿ ಯಾಕೆ ಬರಲಿಲ್ಲ ಅನ್ನುವುದಕ್ಕೂ ಈ ಲೆಕ್ಕದಲ್ಲೇ ಉತ್ತರ ಇದೆ. ಇಡೀ ದೇಶದ ಹಿಂದಿ ನೋಡುಗರನ್ನು ಇಟ್ಟುಕೊಂಡೂ ಅವರಿಗೆ ನಡೆಸಲು ಆಗಲಿಲ್ಲ. ನಮ್ಮಲ್ಲಿ ಉದಯ ಮ್ಯೂಸಿಕ್, ಪಬ್ಲಿಕ್ ಮ್ಯೂಸಿಕ್ ಬಂದವು, ಸಿನಿಮಾ ಹಾಡು ಹಾಕಿದವು. ಸಂತೋಷ. ಆದರೆ ದಾವಣಗೆರೆಯ ಹಾಸ್ಟೆಲಿನ ಕಥೆ, ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ದುರ್ಗದ ಕಾಲೇಜಿಗೆ ಬರುವ ಹುಡುಗಿಯ ಕಥೆ ಯಾರೂ ಹಾಕಲಿಲ್ಲ. ಲೆಕ್ಕ ಸರಿ ಇದ್ದೀತು, ನನಗೆ ಮಾತ್ರ ಸಮಾಧಾನ ಇಲ್ಲ.

ಒಂದು ಚಿಕ್ಕ ವಿಷಯ ಇಲ್ಲಿ ಹೇಳಲೇಬೇಕು. ಈ ಊರಿನ ಕೇಬಲ್‌ನವರು ಕೆಲವು ವರ್ಷ ತಮ್ಮದೇ ಲೋಕಲ್ ಚಾನೆಲ್‌ನಲ್ಲಿ ಫೋನ್ ಮಾಡಿ ಹಾಡು ಕೇಳುವ ಕಾರ್ಯಕ್ರಮ ನಡೆಸುತ್ತಿದ್ದರು. ಒಂದು ರೂಮು, ಹಿಂದೆ ಒಂದು ಬಣ್ಣದ ಪರದೆ, ಒಬ್ಬಳು ನಿರೂಪಕಿ. ‘ಹಲೋ, ಯಾರು ಮಾತಾಡ್ತಿರೋದು? ಎಲ್ಲಿಂದ?’ ಅಂದರೆ ‘ವಿನೋಬನಗರ ಎರಡನೇ ಮೇನ್’ ಅಂತ ಉತ್ತರ. ಒಂದು ಹಾಡನ್ನು ಐದು ಜನ ಗೆಳತಿಯರಿಗೆ, ಹೆಸರು ಹೇಳದ ಒಬ್ಬರಿಗೆ ಅರ್ಪಿಸುತ್ತಿದ್ದರು. ಆ ಹೆಸರು ಹೇಳದ ಒಬ್ಬರು ಯಾರು ಅಂತ ಮರುದಿನ ಕಾಲೇಜಿನಲ್ಲೆಲ್ಲ ಚರ್ಚೆ. ನಮ್ಮ ಮಾತಿನ ಚಾನೆಲ್ ಅಂತ ನಮಗೆ ಸಿಕ್ಕಿದ್ದು ಅಷ್ಟೇ. ಅದನ್ನು ಯಾರೂ ರೆಕಾರ್ಡ್ ಮಾಡಿ ಇಟ್ಟ ಹಾಗೆ ಕಾಣೆ. ಯಾರ ಹತ್ತಿರವಾದರೂ ಒಂದು ಕ್ಯಾಸೆಟ್ ಇದ್ದರೆ ದಯವಿಟ್ಟು ನಮ್ಮ ಕಚೇರಿಗೆ ತಿಳಿಸಿ, ನಾನೇ ಬಂದು ನೋಡುತ್ತೇನೆ.

ನೀವು ಪತ್ರದ ಕೊನೆಗೆ ‘ಇದನ್ನೆಲ್ಲ ಬರೆಯುವಷ್ಟು ದೊಡ್ಡ ವಿಷಯವಾ ಅಂತ ಅನುಮಾನ’ ಎಂದಿದ್ದೀರಿ. ನನಗೆ ಅನುಮಾನ ಇಲ್ಲ. ಆ ನಾಲ್ವರ ಬಗ್ಗೆ ಬರೆದುಕೊಡಿ. ಟಿವಿ ರೂಮಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದಿರಿ, ವಾರ್ಡನ್ ಎಷ್ಟು ಹೊತ್ತಿಗೆ ಬೀಗ ಹಾಕುತ್ತಿದ್ದರು, ವರ್ಕ್‌ಶಾಪಿನಲ್ಲಿ ಮೊದಲ ದಿನ ಏನಾಯಿತು, ಮನೆಯಲ್ಲಿ ಮೆಕ್ಯಾನಿಕಲ್ ಅಂದಾಗ ಅಪ್ಪ ಏನಂದರು. ಉಳಿದ ಮೂವರ ಜೊತೆಗೂ ಮಾತಾಡಿ ನೋಡಿ. ಹೆಸರು ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇಟ್ಟಿರುತ್ತೇನೆ. ಕಳೆದ ಸಲ ಆ ಲೇಖನ ಬಂದ ಪುಟಗಳೇ ಅವು. 20ನೇ ತಾರೀಕಿನೊಳಗೆ ಕೈಸೇರಿದರೆ ಸಾಕು.

— ಸಂಪಾದಕ