ಬೋರಾನ್ ತರುವ ಮುಂಚೆ ಇಳುವರಿ ಕಾಲಂ ಒಮ್ಮೆ ಕಲಸಿ ನೋಡಿ

ಅಣ್ಣ, ಆರು ತೋಟದಿಂದ ಮೂರು ಮೂರರಂತೆ 18 ಮಣ್ಣಿನ ಸ್ಯಾಂಪಲ್ ಕೊಟ್ಟಿದ್ದೀರಿ. ರಿಪೋರ್ಟಿನ 12 ಕಾಲಂ ಎಕ್ಸೆಲ್‌ಗೆ ಹಾಕಿ, ಮಣ್ಣಿನ ಅಂಕಿಗಳಿಂದ ಇಳುವರಿ ಲೆಕ್ಕ ಹಾಕುವ ರಿಗ್ರೆಷನ್ ಮಾಡಿದ್ದೀರಿ. ಆರ್-ಸ್ಕ್ವೇರ್ (ಇಳುವರಿಯ ಏರಿಳಿತದಲ್ಲಿ ಎಷ್ಟು ಪಾಲು ಈ ಲೆಕ್ಕಕ್ಕೆ ಸಿಕ್ಕಿತು ಅನ್ನುವ ಅಂಕಿ, ಪೂರ್ತಿ ಸಿಕ್ಕರೆ 1) 0.82 ಬಂದಿದೆ, ಅಡಿಕೆ ಇಳುವರಿ ಇಳಿಯಲು ಬೋರಾನೇ ಕಾರಣ ಇರಬೇಕು, ತರಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ.

ಇಳುವರಿ ಕಾಲಂ ಒಂದನ್ನೇ ಕಲಸಿಬಿಡಿ. ಪಕ್ಕದಲ್ಲಿ ರ‍್ಯಾಂಡ್ ಫಂಕ್ಷನ್ (ಮನಬಂದ ಅಂಕಿ ಕೊಡುವುದು) ಹಾಕಿ ಆ ಎರಡು ಕಾಲಂ ಮಾತ್ರ ಸಾರ್ಟ್ ಮಾಡಿದರೆ ಆಯಿತು. ಈಗ ಮೇಲಿನ ತೋಟದ ಇಳುವರಿ ಕೆಳಗಿನ ತೋಟದ ಮಣ್ಣಿನ ಎದುರು ಕೂತಿರುತ್ತದೆ. ಅದೇ ರಿಗ್ರೆಷನ್ ಮತ್ತೆ ಓಡಿಸಿ. ಹತ್ತಿಪ್ಪತ್ತು ಸಲ ಹೀಗೆ ಮಾಡಿ ನೋಡಿ, ಆರ್-ಸ್ಕ್ವೇರ್ ಸರಾಸರಿ 0.7ರ ಹತ್ತಿರವೇ ಬರುತ್ತದೆ! ಯಾಕೆಂದರೆ 18 ಸಾಲಿಗೆ 12 ಕಾಲಂ ಇಟ್ಟರೆ, ಏನೂ ಸಂಬಂಧ ಇಲ್ಲದಿದ್ದರೂ 12ನ್ನು 17ರಿಂದ (ಸಾಲಿಗಿಂತ ಒಂದು ಕಮ್ಮಿ) ಭಾಗಿಸಿದಷ್ಟು ಸುಮ್ನೆ ಸಿಗುತ್ತದೆ. ಹಾಗಾಗಿ ನಿಮ್ಮ 0.82 ಕಾಣುವಷ್ಟು ದೊಡ್ಡದಲ್ಲ.

ಇನ್ನೊಂದು ತೊಡಕು ನಮ್ಮ ಮಳೆಯದು. ಮಲೆನಾಡಿನ ಮಳೆಗೆ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್, ಬೋರಾನ್ ಎಲ್ಲ ಒಟ್ಟಿಗೇ ತೊಳೆದು ಹೋಗುತ್ತವೆ, ಪಿಎಚ್ ಕೂಡ ಇಳಿಯುತ್ತದೆ. ಬೋರಾನ್ ಕಮ್ಮಿ ಇರುವಲ್ಲೆಲ್ಲ ಪೊಟ್ಯಾಷೂ ಕಮ್ಮಿ ಇದ್ದರೆ ಪೆಟ್ಟು ಕೊಟ್ಟಿದ್ದು ಯಾವುದು ಅಂತ ರಿಗ್ರೆಷನ್ ಬಿಡಿಸಿ ಹೇಳಲಾರದು. ಇಂಥ ಅಂಕಿಗಳಿಗೆ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್, ಅಂದರೆ ಪಿಸಿಎ ಒಳ್ಳೆಯದು. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1901ರಲ್ಲೇ ಇದಕ್ಕೆ ಬುನಾದಿ ಹಾಕಿದ್ದು. ಜೊತೆಜೊತೆಗೆ ಏರಿಳಿಯುವ ಕಾಲಂಗಳನ್ನು ಸೇರಿಸಿ ಒಂದೆರಡು ಹೊಸ ಅಂಕಿ ಮಾಡಿಕೊಡುತ್ತದೆ. ಇಳುವರಿಯನ್ನೂ ನೋಡಿಕೊಂಡು ಹಾಗೆ ಸೇರಿಸಬೇಕಂದ್ರೆ ಪಾರ್ಶಿಯಲ್ ಲೀಸ್ಟ್ ಸ್ಕ್ವೇರ್ಸ್, ಅಂದರೆ ಪಿಎಲ್‌ಎಸ್ ಇದೆ. ಆರ್ ಅನ್ನುವ ಸಾಫ್ಟ್‌ವೇರಿನಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ. ಪೊಟ್ಯಾಷ್ ಹೆಕ್ಟೇರಿಗೆ ನೂರಾರು ಕೆಜಿ ಲೆಕ್ಕ, ಸತು (ಜಿಂಕ್) ಒಂದೋ ಎರಡೋ ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದೆರಡು ಪಾಲು. ಸ್ಕೇಲ್ ಮಾಡದೆ (ಎಲ್ಲ ಕಾಲಂ ಒಂದೇ ಅಳತೆಗೆ ತರದೆ) ಹಾಕಿದರೆ ಪೊಟ್ಯಾಷ್ ಒಂದೇ ಎಲ್ಲವನ್ನೂ ನುಂಗುತ್ತದೆ, ಮರೀಬೇಡಿ.

ಪಿಎಲ್‌ಎಸ್ ಮಾಡಿದ ಮೇಲೆ ಒಂದು ತೋಟವನ್ನು ಪೂರ್ತಿ ಹೊರಗಿಟ್ಟು, ಉಳಿದ ಐದರಿಂದ ಅದರ ಇಳುವರಿ ಊಹಿಸಿ. ಒಂದೊಂದೇ ಸ್ಯಾಂಪಲ್ ಹೊರಗಿಟ್ಟರೆ ಪ್ರಯೋಜನ ಇಲ್ಲ. ಒಂದೇ ತೋಟದ ಮೂರು ಸ್ಯಾಂಪಲ್ ಅಣ್ಣತಮ್ಮಂದಿರಿದ್ದ ಹಾಗೆ, ಒಬ್ಬನ ಗುಟ್ಟು ಇನ್ನಿಬ್ಬರಿಗೆ ಗೊತ್ತಿರುತ್ತದೆ.

ಮಣ್ಣು ಯಾವುದರಲ್ಲಿ ಕಲಸಿದಿರಿ ಅಂತ ನೀವು ಬರೆದಿಲ್ಲ. ನಾನು ಒಂದು ವರ್ಷ ಜಿಂಕ್ ಲೇಪದ ತಗಡಿನ ಬಕೆಟ್‌ನಲ್ಲಿ ಕಲಸಿದ್ದೆ. ಸತು ವಿಪರೀತ ಜಾಸ್ತಿ ತೋರಿಸಿತು. ಅದೇ ಜಾಗದ ಮಣ್ಣನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕಲಸಿ ಮತ್ತೆ ಕೊಟ್ಟಾಗ ಅರ್ಧಕ್ಕಿಂತ ಕೆಳಗೆ ಬಂತು. ತಪ್ಪು ಬಕೆಟ್‌ನದು, ಲ್ಯಾಬಿನದಲ್ಲ. ಆಮೇಲಿಂದ ಪ್ರತಿ ಸಲ ಒಂದೇ ಮಣ್ಣನ್ನು ಎರಡು ಚೀಲ ಮಾಡಿ, ಬೇರೆ ಬೇರೆ ನಂಬರ್ ಹಾಕಿ ಕೊಡುತ್ತೇನೆ. ಆ ಎರಡರ ನಡುವೆ ಬರುವ ವ್ಯತ್ಯಾಸ ಎಷ್ಟೋ, ಅದಕ್ಕಿಂತ ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಬೋರಾನ್ ಸ್ವಲ್ಪ ಹೆಚ್ಚಾದರೂ ಮರಕ್ಕೆ ವಿಷ. ಹಾಕಲೇಬೇಕಂದ್ರೆ ಶಿಫಾರಸಿನ ಅಳತೆ ದಾಟಬೇಡಿ. ಪ್ರತಿ ತೋಟದಲ್ಲಿ ಎರಡು ಸಾಲಿಗೆ ಹಾಕಿ, ಎರಡು ಸಾಲು ಬಿಡಿ. ಯಾವ ಸಾಲು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಕೊಯ್ಲಿನಲ್ಲಿ ಗೊನೆ ಬೇರೆ ಬೇರೆ ತೂಗಿ ಬರೆದಿಡಿ.